ಗಾಜಿನೊಳಗಿನ ಉಪ್ಪು

ಟಿಲ್‌ಬರಿ ಬಂದರು

1964ರ ಸೆಪ್ಟೆಂಬರ್ ಕೊನೆಯ ವಾರ ಇಂಗ್ಲೆಂಡಿನ ಟಿಲ್‌ಬರಿ ಬಂದರಿನಲ್ಲಿ ಕಸ್ಟಮ್ಸ್ ಅಧಿಕಾರಿಯೊಬ್ಬ ನನ್ನ ಟ್ರಂಕನ್ನು ತೆರೆಸಿದ. ಒಳಗಿದ್ದ ಅಂಗಿ, ಪಂಚೆ, ಈ ಪ್ರಯಾಣಕ್ಕೆಂದೇ ಹೊಲಿಸಿದ ಉಣ್ಣೆಯ ಕೋಟು ಎಲ್ಲವೂ ಉಪ್ಪುನೀರಿನಲ್ಲಿ ನೆಂದಿದ್ದವು. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದ.

ನೀರು ಸಮುದ್ರದ್ದಾಗಿರಲಿಲ್ಲ, ಬಂಟ್ವಾಳದ ನಮ್ಮ ಮನೆಯದು. ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ನನ್ನ ತಂಗಿ ಸುನಂದಾಳಿಗೆಂದು ಅಮ್ಮ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಕಳುಹಿಸಿದ್ದರು. ತುಳುವಿನಲ್ಲಿ ಅದು ಉಪ್ಪಡ್ ಪಚ್ಚಿಲ್. ಅದಕ್ಕೆ ಭರಣಿಯೇ ಸರಿ. ಆದರೆ ಭರಣಿ ಹಡಗಿನಲ್ಲಿ ಒಡೆದೀತೆಂದು ಹೆದರಿ ಅಮ್ಮ ಈ ಸಲ ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬಿ ಮುಚ್ಚಳಕ್ಕೆ ಸುತ್ತಲೂ ಮೇಣ ಹಚ್ಚಿದ್ದರು. ಮೇಣ ಹಚ್ಚಿದ ಹಾಗೆಯೇ ಇತ್ತು. ಡಬ್ಬಿಯ ತಳವನ್ನು ಉಪ್ಪು ತಿಂದಿತ್ತು.

"ಇದೇನು?" ಎಂದು ಅಧಿಕಾರಿ ಕೇಳಿದ.

"ಹಣ್ಣು."

"ಹಣ್ಣೇ?"

"ಹಣ್ಣಾಗುವ ಮೊದಲಿನದು. ಉಪ್ಪಿನಲ್ಲಿ ಹಾಕಿದ್ದು. ನನ್ನ ತಂಗಿಗೆ."

ಅವನು ಪಕ್ಕದ ಮೇಜಿನವನ ಕಡೆಗೆ ತಿರುಗಿ, "ತಂಗಿಯ ಮೇಲೆ ಏನೋ ಹಳೆಯ ಸಿಟ್ಟಿರಬೇಕು" ಎಂದ. ಟ್ರಂಕಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನನ್ನನ್ನು ಬಿಟ್ಟ.

ಲಂಡನ್

ಆ ದೇಶದ ಸಾರ್ವತ್ರಿಕ ಚುನಾವಣೆಯನ್ನು ನೋಡಲು ನಮ್ಮ ಕಡೆಯ ಕೆಲವು ಪತ್ರಕರ್ತರಿಗೆ ಆಹ್ವಾನವಿತ್ತು. ಮಂಗಳೂರಿನ ಒಂದು ದಿನಪತ್ರಿಕೆಯ ವರದಿಗಾರನಾಗಿ ನಾನು ಹೋಗಿದ್ದೆ. ಚುನಾವಣೆಯ ಬಗ್ಗೆ ಆಗಲೇ ಬರೆದಾಗಿದೆ. ಮೈಕು ಕಟ್ಟಿದ ಜೀಪು ಇಲ್ಲ, ಗೋಡೆಯ ಮೇಲೆ ಸುಣ್ಣದ ಬರಹ ಇಲ್ಲ. ಅಭ್ಯರ್ಥಿ ಮನೆಯ ಬಾಗಿಲು ತಟ್ಟುತ್ತಾನೆ, ಮನೆಯೊಡತಿ ಹವೆಯ ಮಾತಾಡುತ್ತಾಳೆ, ಅವನೂ ಹವೆಯ ಮಾತಾಡಿ ಮುಂದಿನ ಮನೆಗೆ ಹೋಗುತ್ತಾನೆ. ಇದನ್ನು ಪ್ರಚಾರವೆಂದು ನಂಬಲು ನನಗೆ ಕೆಲವು ದಿನ ಬೇಕಾಯಿತು.

ನಾನು ತಂಗಿದ್ದ ಮನೆಯ ಒಡತಿ ಮಿಸೆಸ್ ಟಾಲ್ಬಟ್ ಎಂಬ ವಿಧವೆ. ಅಳಿದುಳಿದ ಸೊಳೆಯನ್ನು ಹಾಕಿಡಲು ಈರುಳ್ಳಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯೊಂದನ್ನು ಖಾಲಿಮಾಡಿ ಕೊಟ್ಟರು. ಮೂಸಿ ನೋಡಿ, "ಇದಕ್ಕೆ ಜೀವ ಉಂಟೋ?" ಎಂದು ಕೇಳಿದರು. ಇಲ್ಲವೆಂದೆ. ಆದರೂ ರಾತ್ರಿ ಜಾಡಿಯನ್ನು ಅಡುಗೆಮನೆಯ ಹೊರಗೇ ಇಡಿಸಿದರು.

ಅವರ ಒಂದು ಅಭ್ಯಾಸ ನನಗೆ ವಿಚಿತ್ರವೆನಿಸಿತು. ಊಟದ ತಟ್ಟೆಗಳನ್ನು ಸಾಬೂನಿನ ಬಿಸಿನೀರಿನಲ್ಲಿ ಅದ್ದಿ ಉಜ್ಜಿ, ನೊರೆಯ ಸಮೇತ ಹೊರತೆಗೆದು ಬಟ್ಟೆಯಿಂದ ಒರೆಸಿಡುತ್ತಿದ್ದರು. ಒಳ್ಳೆಯ ನೀರಿನಲ್ಲಿ ಇನ್ನೊಮ್ಮೆ ತೊಳೆಯುವ ಪದ್ಧತಿಯಿಲ್ಲ. ಅಕ್ಕಪಕ್ಕದ ಮನೆಗಳಲ್ಲಿಯೂ ಹಾಗೆಯೇ ಎಂದು ವಿಚಾರಿಸಿ ತಿಳಿದೆ. ನಮ್ಮಲ್ಲಿ ಅಂಗಡಿಯಿಂದ ತಂದ ಹೊಸ ಲೋಟವನ್ನೂ ನೀರು ಹಾಕಿಟ್ಟು, ಆ ನೀರು ಚೆಲ್ಲಿ, ಮತ್ತೆ ತೊಳೆಯದೆ ಬಾಯಿಗೆ ಇಡುವವರಿಲ್ಲ.

ಚುನಾವಣೆ ಮುಗಿದ ಮೇಲೆ ಉಳಿದ ಒಂದು ವಾರ ನನ್ನದೇ ಆಗಿತ್ತು. ತಂಗಿಯನ್ನು ನೋಡುವುದಿತ್ತು, ಇನ್ನೊಂದು ಕೆಲಸವೂ ಇತ್ತು. ಹೊರಡುವ ಮೊದಲು ಬೆಳ್ತಂಗಡಿಯ ಓದುಗರೊಬ್ಬರು ನಮ್ಮ ಕಚೇರಿಗೆ ಬಂದು ಕುಳಿತು ಒಂದು ಪ್ರಶ್ನೆ ಕೇಳಿದ್ದರು: "ಅಣುಶಕ್ತಿಯಿಂದ ಕರೆಂಟು ಬರ್ತದೆ ಅಂತ ನೀವು ಬರೀತೀರಿ. ಒಲೆ ಅಂದ ಮೇಲೆ ಬೂದಿ ಉಂಟಲ್ಲ, ಅದನ್ನು ಎಲ್ಲಿ ಹಾಕ್ತಾರೆ?" ನಮ್ಮ ಸಂಪಾದಕರಿಗೂ ಗೊತ್ತಿರಲಿಲ್ಲ. "ನಿಮ್ಮ ಭಾವ ಅಲ್ಲೇ ಇದ್ದಾರಲ್ಲ, ಕೇಳಿಕೊಂಡು ಬನ್ನಿ" ಎಂದಿದ್ದರು.

ಭಾನುವಾರ, ತಂಗಿಯ ಮನೆ

ಭಾವ ಎಂದರೆ ಸುನಂದಾಳ ಗಂಡ ಸಂಜೀವ. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಮೂಡಬಿದ್ರಿಯವರು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ, ಇಂಗ್ಲೆಂಡಿಗೆ ಬಂದು ಗಾಜಿನ ವಿಷಯದಲ್ಲಿ ಡಾಕ್ಟರೇಟ್ ಮಾಡಿ, ಅಲ್ಲಿಯ ಒಂದು ಅಣುಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದರು. ಮನೆಯೊಳಗೆ ನಮ್ಮ ಮಾತೆಲ್ಲ ತುಳು. ಇಲ್ಲಿ ಅದನ್ನು ನಮ್ಮೂರ ಕನ್ನಡದಲ್ಲಿ ಬರೆದಿದ್ದೇನೆ.

ಸುನಂದಾ ಜಾಡಿಯ ಮುಚ್ಚಳ ತೆಗೆದು ಮೂಗು ಹತ್ತಿರ ತಂದು ಮೂಸಿದಳು. ಆಮೇಲೆ ಅಮ್ಮನನ್ನು ಬೈಯಲು ಶುರುಮಾಡಿದಳು. "ತಗಡಿನ ಡಬ್ಬಿಯಲ್ಲಿ ಉಪ್ಪುನೀರು ಯಾರಾದ್ರೂ ಹಾಕ್ತಾರಾ ಅಣ್ಣ? ನಿನಗಾದ್ರೂ ಬುದ್ಧಿ ಬೇಡ್ವಾ? ಪೇಪರಿನವನಂತೆ!"

ಸಂಜೀವ ಭಾವ ನಕ್ಕರು. "ಬೈಬೇಡ ಮಾರಾಯ್ತಿ. ನಮ್ಮ ಕೇಂದ್ರದ ದೊಡ್ಡ ದೊಡ್ಡ ಸಾಹೇಬರು ಮಾಡಿದ್ದೂ ಅದನ್ನೇ."

ಹಾಗೆಂದು ಅವರು ವಿಷಯಕ್ಕೆ ಬಂದರು. ರಿಯಾಕ್ಟರಿನಲ್ಲಿ ಉರಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಬೇಕಾದದ್ದನ್ನು ಹೊರತೆಗೆಯುತ್ತಾರೆ. ಉಳಿಯುವುದು ಉಪ್ಪುಗಳು ಕರಗಿದ ಒಂದು ದ್ರವ. ಅದು ವಿಕಿರಣದಿಂದ ತನ್ನಷ್ಟಕ್ಕೇ ಬಿಸಿಯಾಗುತ್ತಿರುತ್ತದೆ. ಅದನ್ನು ಉಕ್ಕಿನ ತೊಟ್ಟಿಗಳಲ್ಲಿ ತುಂಬಿ, ಹಗಲೂ ರಾತ್ರಿ ತಂಪು ಮಾಡುತ್ತ ಕಾಯುತ್ತಾರೆ. ಉಕ್ಕು ಬಹಳ ಒಳ್ಳೆಯದು. ಆದರೆ ಒಳಗಿರುವ ವಿಷ ಆರಲು ಬೇಕಾದ ಕಾಲದ ಮುಂದೆ ತೊಟ್ಟಿಯ ಆಯುಸ್ಸು ಏನೇನೂ ಅಲ್ಲ.

"ಹಾಗಾದ್ರೆ ಗಾಜಿನ ಜಾಡಿಗೆ ತುಂಬಿಸ್ತೀರಿ. ಮಿಸೆಸ್ ಟಾಲ್ಬಟ್ ಹಾಗೆ" ಎಂದೆ.

"ಅಲ್ಲ ಭಾವ. ಜಾಡಿ ಒಡೆದ್ರೆ ಮುಗೀತಲ್ಲ? ಉಪ್ಪನ್ನೇ ಗಾಜು ಮಾಡೋದು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದ ಮೇಲೆ ಹಾಲು ಬೇರೆ, ಅಚ್ಚು ಬೇರೆ ಅಂತ ಉಂಟಾ? ಹಾಗೆ. ದ್ರವ ಒಣಗಿಸಿ, ಮರಳು, ಬೊರಾಕ್ಸ್ ಸೇರಿಸಿ ಕರಗಿಸಿ ಎರೆದರೆ ಆ ಉಪ್ಪು ಗಾಜಿನ ಮೈಯೊಳಗೇ ಸೇರಿಹೋಗ್ತದೆ. ಒಡೆದ್ರೂ ತುಂಡು ಗಾಜೇ. ನೀರಲ್ಲಿ ಬಿದ್ರೂ ಬಿಡಬಾರದು."

"ಬಿಡುದಿಲ್ವಾ?"

"ಬಿಡುದಿಲ್ಲ. ಮೂರು ವರ್ಷ ಅದನ್ನೇ ನೋಡಿದ್ದು ನಾನು."

ಸುನಂದಾ ಜಾಡಿಯ ಸೊಳೆಯನ್ನು ಪಾತ್ರೆಗೆ ಸುರಿದು ನೀರು ತುಂಬಿ ಇಟ್ಟಳು. ನಡುನಡುವೆ ನನಗೆ ಒಂದು ಸಂಗತಿ ತಿಳಿಸಿದಳು. ಆ ಶುಕ್ರವಾರ ಒಂದು ಸಮಿತಿ ಬರುವುದಿತ್ತು. ಸಂಜೀವ ಭಾವನ ಅಂಕೆಗಳು ಒಪ್ಪಿಗೆಯಾದರೆ ಮುಂದೆ ನಿಜವಾದ ವಿಕಿರಣದ ಉಪ್ಪಿನಿಂದ ಗಾಜು ಎರೆದು, ತೇವದ ನೆಲದಲ್ಲಿ ಹೂತು ನೋಡುತ್ತಾರೆ. ಒಪ್ಪದಿದ್ದರೆ ಈ ಕೆಲಸ ನಿಲ್ಲುತ್ತದೆ. ಅವರ ನೌಕರಿಯ ಕರಾರು ವರ್ಷದ ಕೊನೆಗೆ ಮುಗಿಯುತ್ತಿತ್ತು.

"ಒಪ್ಪುತ್ತಾರೆ" ಎಂದರು ಭಾವ.

ಸೋಮವಾರ, ಕುಲುಮೆ

ಬೆಳಿಗ್ಗೆ ಸುನಂದಾ ಸೊಳೆ ನೆನೆದ ನೀರನ್ನು ಚೆಲ್ಲಿ ಹೊಸ ನೀರು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಭಾವ ಆ ಎರಡನೆಯ ನೀರಿಗೆ ಬೆರಳು ಅದ್ದಿ ನೆಕ್ಕಿ, "ಸರಿ ಉಂಟು, ಪಲ್ಯಕ್ಕೆ ಆಗ್ತದೆ" ಎಂದು ತೀರ್ಪು ಕೊಟ್ಟರು. ಬಳಿಕ ನಾವು ಬಸ್ಸು ಹಿಡಿದೆವು.

ಕೇಂದ್ರದ ಬಾಗಿಲಿನಲ್ಲಿ ನನ್ನ ಎದೆಗೆ ಒಂದು ಚೀಟಿ ಸಿಕ್ಕಿಸಿದರು. ವಿಕಿರಣವಿರುವ ಕಟ್ಟಡಗಳಿಗೆ ಪ್ರವೇಶವಿಲ್ಲ. ಭಾವನ ವಿಭಾಗದಲ್ಲಿ ಬಳಸುವುದು ಅದೇ ಜಾತಿಯ, ಆದರೆ ವಿಷವಿಲ್ಲದ ಉಪ್ಪು. ಆದ್ದರಿಂದ ಅಲ್ಲಿ ಓಡಾಡಬಹುದಿತ್ತು.

ಕುಲುಮೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಪಾಣೆಮಂಗಳೂರಿನ ಹಂಚಿನ ಕಾರ್ಖಾನೆಯ ಭಟ್ಟಿ ನೋಡಿದವನಿಗೆ ಅದು ಕಾಫಿ ಕಾಯಿಸುವ ಒಲೆಯಂತೆ ಕಂಡೀತು. ಆದರೆ ಬಾಗಿಲು ತೆಗೆದಾಗ ಬಂದ ಬೆಳಕಿಗೆ ಕಣ್ಣು ಕೊಡಲು ಆಗಲಿಲ್ಲ. ಕಪ್ಪು ಕನ್ನಡಕ ಹಾಕಿದ ಇಬ್ಬರು ಉದ್ದ ಇಕ್ಕಳದಲ್ಲಿ ಮೂಸೆಯನ್ನು ಎತ್ತಿ, ಉಕ್ಕಿನ ಅಚ್ಚುಗಳಿಗೆ ಓರೆಮಾಡಿದರು. ಕರಗಿದ ಗಾಜು ಜೇನಿನಂತೆ ಇಳಿಯಿತು. ಒಬ್ಬರೂ ಮಾತಾಡಲಿಲ್ಲ. ನಮ್ಮಲ್ಲಾದರೆ ಹತ್ತು ಮಂದಿ "ಹಿಡಿ, ಬಿಡು, ಆಚೆ, ಈಚೆ" ಎಂದು ಕೂಗಿ ಕೆಲಸಕ್ಕೆ ಬಲ ಕೊಡುತ್ತಿದ್ದರು. ಎರೆದಾದ ಮೇಲೆ ಇಬ್ಬರಲ್ಲಿ ಹಿರಿಯನು, "ಮಧ್ಯಾಹ್ನ ಮಳೆ ಬರಬಹುದು" ಎಂದ. ಇನ್ನೊಬ್ಬ, "ಬರಬಹುದು" ಎಂದ.

ಎರೆದ ಗಾಜನ್ನು ಕೂಡಲೇ ಹೊರಗಿಟ್ಟರೆ ಬಿರುಕು ಬಿಡುತ್ತದೆ. ಇನ್ನೊಂದು ಬೆಚ್ಚಗಿನ ಗೂಡಿನಲ್ಲಿ ನಿಧಾನವಾಗಿ ಆರಿಸುತ್ತಾರೆ. ಹಿಂದಿನ ವಾರ ಎರೆದು ಆರಿದ್ದ ತುಂಡುಗಳನ್ನು ಭಾವ ತೋರಿಸಿದರು. ಮುಷ್ಟಿಗಾತ್ರ, ಕಡುಕಪ್ಪು, ಭಾರ. ಮೇಲ್ಮೈಯಲ್ಲಿ ಅಲ್ಲಲ್ಲಿ ಹಳದಿ ಪೊರೆಯೊಂದು ಹರಡಿತ್ತು.

"ಇದೆಂತ, ಹಾಲಿನ ಕೆನೆ ಹಾಗೆ?"

"ಕೆನೆಯೇ. ಕೆಲವು ಉಪ್ಪು ಗಾಜಿನ ಒಳಗೆ ಪೂರ್ತಿ ಹೋಗುದಿಲ್ಲ, ಸ್ವಲ್ಪ ಮೇಲೆ ತೇಲ್ತದೆ. ತೊಳೆದ್ರೆ ಹೋಗ್ತದೆ ಅದು" ಎಂದರು.

ಬುಧವಾರ, ಬಾಲ್ದಿ

ಮಂಗಳವಾರ ಸಂಜೆ ಭಾವ ಆ ತುಂಡುಗಳಲ್ಲಿ ಒಂದನ್ನು ಬಾಲ್ದಿಯ ನೀರಿನಲ್ಲಿ ಮುಳುಗಿಸಿಟ್ಟು ಮನೆಗೆ ಬಂದಿದ್ದರು. ಬುಧವಾರ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆಯ ಕ್ರಮ ತೋರಿಸಿದರು. ತುಂಡನ್ನು ಎತ್ತಿದರು. ಹಳದಿ ಪೊರೆ ಹೋಗಿ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಲ್ದಿಯ ನೀರನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಚೆಲ್ಲಿದರು. ತುಂಡನ್ನು ಶುದ್ಧ ನೀರಿನ ಜಾಡಿಗೆ ಇಳಿಸಿದರು.

"ಇವತ್ತಿನಿಂದ ಲೆಕ್ಕ. ನಾಳೆ ಈ ನೀರು ತೆಗೆದು, ಬೇರೆ ನೀರು ಹಾಕೋದು. ತೆಗೆದದ್ದನ್ನು ಬಟ್ಟಲಲ್ಲಿ ಕಾಯಿಸಿ ಇಂಗಿಸಿದ್ರೆ ತಳದಲ್ಲಿ ಉಪ್ಪು ಉಳೀತದೆ. ಅದನ್ನು ತೂಗೋದು." ಹಳೆಯ ಬಟ್ಟಲುಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಬರಿಗಣ್ಣಿಗೆ ಏನೂ ಕಾಣಿಸಲಿಲ್ಲ.

ವರದಿ ಬರೆಯುವವನು ಕ್ರಮವನ್ನು ಮೊದಲಿನಿಂದ ಕೇಳಿಕೊಳ್ಳಬೇಕು. ನಾನು ಕೇಳಿದೆ: "ಬಾಲ್ದಿಯಲ್ಲಿ ಇದ್ದ ನೀರು?"

"ಎಂತ ಬಾಲ್ದಿಯಲ್ಲಿ?"

"ಈಗ ಚೆಲ್ಲಿದ್ದು. ಅದನ್ನು ಯಾವಾಗ ತೂಗೋದು?"

"ಅದು ಮೊದಲ ನೀರು ಭಾವ. ಅದನ್ನು ಯಾರು ತೂಗ್ತಾರೆ? ಪಚ್ಚಿಲ್ ನೆನೆಸಿದ ಮೊದಲ ನೀರಲ್ಲಿ ಯಾರಾದ್ರೂ ಸಾರು ಮಾಡ್ತಾರಾ?"

"ಇಲ್ಲ. ಆದ್ರೆ ಇದನ್ನು ನೆಲದಲ್ಲಿ ಹೂತರೆ ಮೊದಲ ನೀರು ಯಾರು ಚೆಲ್ಲುವುದು?"

ಭಾವ ತೊಟ್ಟಿಯ ಕಡೆಗೆ ನೋಡಿದರು. ನೀರು ಆಗಲೇ ಇಳಿದುಹೋಗಿತ್ತು.

"ಎಲ್ಲದಕ್ಕೂ ಹೀಗೇ ಮಾಡಿದ್ದಾ?" ಎಂದೆ.

"ಎಲ್ಲದಕ್ಕೂ."

"ಬರೆದಿದ್ದೀರಾ?"

"ಪಾತ್ರೆ ತೊಳೆದದ್ದನ್ನು ಯಾರು ಬರೀತಾರೆ ಮಾರಾಯ್ರೆ?"

ಅವರು ಅದೇ ಎರಕದ ಇನ್ನೊಂದು ತುಂಡನ್ನು ಕಪಾಟಿನಿಂದ ತಂದರು. ಹಳದಿ ಪೊರೆಯ ಸಮೇತ, ತೊಳೆಯದೆ, ಶುದ್ಧ ನೀರಿಗೆ ಇಳಿಸಿದರು.

ಸಂಜೆ ಊಟಕ್ಕೆ ಸೊಳೆಯ ಪಲ್ಯವಿತ್ತು. ಭಾವ ತಟ್ಟೆಯಲ್ಲಿ ಕೈಯಾಡಿಸುತ್ತಿದ್ದರು.

"ಎಂತ, ಉಪ್ಪು ಜಾಸ್ತಿಯಾ?" ಎಂದು ಸುನಂದಾ ಕೇಳಿದಳು. ನಾನು ನಡೆದದ್ದನ್ನು ಹೇಳಿದೆ.

"ನಾಳೆ ನೋಡುವ" ಎಂದರು ಭಾವ. "ಏನೂ ಇಲ್ಲದೆಯೂ ಇರಬಹುದು."

"ಇದ್ರೆ?"

"ಇದ್ರೆ ಮೂರು ವರ್ಷದ ಅಂಕೆ ಎಲ್ಲ ಎರಡನೇ ನೀರಿನದ್ದು ಅಂತ ಆಯ್ತು. ಶುಕ್ರವಾರ ಅದನ್ನು ಹೇಳಿದ್ರೆ ಡಿಸೆಂಬರಿಗೆ ಗಂಟುಮೂಟೆ ಕಟ್ಟುವ."

"ಹೇಳದಿದ್ರೆ?"

"ಹೇಳದಿದ್ರೆ ನಿಜವಾದ್ದನ್ನು ಎರೆದು ನೆಲದಲ್ಲಿ ಹಾಕ್ತಾರೆ. ಆ ಕೆನೆಯೂ ಆಗ ವಿಷದ್ದೇ."

ಸುನಂದಾ ಇನ್ನೊಂದು ಸೌಟು ಅನ್ನ ಬಡಿಸಿದಳು. "ಮೂಡಬಿದ್ರಿಯಲ್ಲೂ ಜನ ಬದುಕ್ತಾರೆ. ಉಣ್ಣಿ ಈಗ" ಎಂದಳು.

ಗುರುವಾರ, ಬಟ್ಟಲು

ಮರುದಿನ ತೊಳೆಯದ ತುಂಡು ಮುಳುಗಿದ್ದ ನೀರನ್ನು ಇಂಗಿಸಿದರು. ಬಟ್ಟಲಿನ ತಳದಲ್ಲಿ ಹಳದಿ ಉಪ್ಪಿನ ಹೊಪ್ಪಳಿಕೆ ಕೂತಿತ್ತು. ತಕ್ಕಡಿಯ ಅಗತ್ಯವಿರಲಿಲ್ಲ. ಆದರೂ ಭಾವ ತೂಗಿದರು, ಬರೆದರು, ಬಟ್ಟಲನ್ನು ಹಿಡಿದುಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ಹೊರಟರು. ನಾನು ಹೊರಗೆ ನಿಲ್ಲುತ್ತೇನೆಂದೆ. "ಬನ್ನಿ, ಕೇಳಿದ್ದು ನೀವೇ ಅಲ್ವಾ?" ಎಂದು ಕರೆದುಕೊಂಡು ಹೋದರು.

ಮುಖ್ಯಸ್ಥರು ಡಾಕ್ಟರ್ ಕಾರ್ವರ್, ಎತ್ತರದ, ಬೋಳುತಲೆಯ ಮನುಷ್ಯ. ಭಾವ ನಿಂತುಕೊಂಡೇ ವಿಷಯ ಹೇಳಿದರು. ಕಾರ್ವರ್ ಬಟ್ಟಲನ್ನು ನೋಡಿದರು. ಎದ್ದು ಹೋಗಿ ತಾವೇ ಮೂರು ಕಪ್ ಚಹಾ ತಂದರು. ಸಕ್ಕರೆ ಎಷ್ಟೆಂದು ನನ್ನನ್ನು ಕೇಳಿದರು. ಆಮೇಲೆ ಭಾವನ ಕಡೆಗೆ ತಿರುಗಿದರು.

"ಎಷ್ಟು ಹೊತ್ತು ನೆನೆಸುತ್ತಿದ್ದಿರಿ?"

"ರಾತ್ರಿಯಿಡೀ."

"ಯಾಕೆ?"

"ನಮ್ಮಲ್ಲಿ ಹಾಗೆ. ಉಪ್ಪಿನದ್ದು ಏನಿದ್ದರೂ ಮೊದಲ ನೀರನ್ನು ಚೆಲ್ಲುತ್ತೇವೆ. ಅದನ್ನು ಯೋಚಿಸಿ ಮಾಡಿದ್ದಲ್ಲ."

ಕಾರ್ವರ್ ಚಹಾ ಕಲಕುತ್ತಿದ್ದರು. "ನನ್ನ ಹೆಂಡತಿಗೆ ಈ ಕೆಲಸ ಕೊಟ್ಟಿದ್ದರೆ ತುಂಡನ್ನು ತೊಳೆಯುತ್ತಲೇ ಇರಲಿಲ್ಲ. ಅವಳು ತಟ್ಟೆಯ ನೊರೆಯನ್ನೇ ತೊಳೆಯುವವಳಲ್ಲ" ಎಂದರು. "ನಾಳೆ ಇದನ್ನು ನೀವು ಹೇಳುತ್ತೀರೋ, ನಾನು ಹೇಳಲೋ?"

"ನಾನೇ ಹೇಳುತ್ತೇನೆ."

"ಒಳ್ಳೆಯದು. ಬರಿಯ ತಪ್ಪನ್ನು ಹೇಳಿ ಕೂರಬೇಡಿ. ಪೊರೆ ಹೋದ ಮೇಲೆ ಗಾಜು ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕು."

ಅಲ್ಲಿಂದ ಬಂದವರೇ ಭಾವ ಮೂರನೆಯ ತುಂಡನ್ನು ಸುತ್ತಿಗೆಯಿಂದ ಒಡೆದರು. ಪೊರೆ ತಾಗದ, ಒಳಗಿನ ಚೂರುಗಳನ್ನು ಮಾತ್ರ ಆರಿಸಿ, ತೊಳೆಯದೆ ನೀರಿಗೆ ಹಾಕಿದರು. "ಕೆನೆ ಕೆಟ್ಟದ್ದು. ಗಾಜು ಕೆಟ್ಟದ್ದಲ್ಲ. ನಾಳೆ ಬೆಳಿಗ್ಗೆ ತೋರಿಸ್ತೇನೆ ನಿಮಗೆ" ಎಂದರು. ಬೆಳಗಿನಿಂದ ಅವರು ಆಡಿದ ಮೊದಲ ಗಟ್ಟಿಮಾತು ಅದು.

ನನಗೂ ಕಾರ್ವರ್ ಒಂದು ಮಾತು ಹೇಳಿದ್ದರು. ಕೇಂದ್ರದ ವರದಿ ಪ್ರಕಟವಾಗುವ ಮೊದಲು ನಾನು ಏನನ್ನೂ ಅಚ್ಚು ಮಾಡಬಾರದು. ಒಪ್ಪಿದ್ದೆ. ವರದಿ ಈಗ ಪ್ರಕಟವಾಗಿದೆ.

ಶುಕ್ರವಾರ, ಕ್ಯಾಂಟೀನು

ಬೆಳಿಗ್ಗೆ ಇಂಗಿಸಿದ ಬಟ್ಟಲಿನ ತಳದಲ್ಲಿ ಒಂದು ಮಸುಕು ಉಂಗುರವಿತ್ತು, ಅಷ್ಟೇ. ಭಾವ ಎರಡು ಬಟ್ಟಲುಗಳನ್ನೂ, ಹೊಪ್ಪಳಿಕೆಯದ್ದು ಮತ್ತು ಉಂಗುರದ್ದು, ಒಂದು ತಟ್ಟೆಯಲ್ಲಿಟ್ಟುಕೊಂಡು ಸಮಿತಿಯ ಮುಂದೆ ಹೋದರು. ನಾನು ಕ್ಯಾಂಟೀನಿನಲ್ಲಿ ಕುಳಿತೆ.

ಅಲ್ಲಿಯ ಜನ ಸಾಲು ನಿಲ್ಲುವುದನ್ನು ನೋಡಬೇಕು. ಒಬ್ಬನೇ ಗಿರಾಕಿ ಇದ್ದರೂ ಗೋಡೆಯ ಬದಿಗೆ ಸಾಲಾಗಿಯೇ ನಿಲ್ಲುತ್ತಾನೆ. ಪುಂಜಾಲಕಟ್ಟೆಯಲ್ಲಿ ಬಸ್ಸು ಬಂದಾಗಿನ ನಮ್ಮ ನೂಕುನುಗ್ಗಲಿನ ಪದ್ಧತಿಯನ್ನು ಚಹಾ ಕೊಡುವ ಹೆಂಗಸಿಗೆ ವಿವರಿಸಿದೆ. "ಹಾಗಾದರೆ ಮುದುಕಿಯರು ಹೇಗೆ ಹತ್ತುತ್ತಾರೆ?" ಎಂದು ಕೇಳಿದಳು. ಎಲ್ಲರಿಗಿಂತ ಮೊದಲು ಎಂದೆ. ನಂಬಲಿಲ್ಲ.

ಮೂರನೆಯ ಚಹಾದ ಹೊತ್ತಿಗೆ ಭಾವ ಬಂದರು. ಕುರ್ಚಿ ಎಳೆದು ಕುಳಿತರು.

"ಎಂತಾಯ್ತು?"

"ಹೂಳುವುದು ಇಲ್ಲ, ಈಗ."

"ಕೆಲಸ?"

"ಇಲ್ಲಿಯ ಬೇಸಿಗೆ, ಅಂದ್ರೆ ಜೂನ್‌ವರೆಗೆ ಕೊಟ್ಟಿದ್ದಾರೆ. ಅಷ್ಟರಲ್ಲಿ ಕೆನೆ ಬಾರದ ಹಾಗೆ ಎರೆದು ತೋರಿಸ್ಬೇಕು. ಉಪ್ಪು ಕಡಿಮೆ ಹಾಕಿ, ಜಾಸ್ತಿ ಹೊತ್ತು ಕಲಸಿ. ಎಲ್ಲ ಮತ್ತೆ ಮೊದಲಿನಿಂದ." ನನ್ನ ತಟ್ಟೆಯಲ್ಲಿ ಉಳಿದಿದ್ದ ಕೇಕಿನ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡರು. "ಒಬ್ಬ ಮುದುಕ ಕೇಳಿದ, ನಿನ್ನ ತಪ್ಪನ್ನು ಯಾರು ಹಿಡಿದದ್ದು ಅಂತ. ಪೇಪರಿನವ ಅಂದೆ. ಇಡೀ ಸಮಿತಿಗೆ ನನ್ನ ಮೇಲೆ ಕನಿಕರ ಬಂತು ಭಾವ."

"ಆಗ್ತದಾ, ಬೇಸಿಗೆಯೊಳಗೆ?"

"ಆಗ್ತದೆ. ಗಾಜು ಒಳ್ಳೇದುಂಟು. ಹೋಗುವ, ಸುನಂದಾ ಕಾಯ್ತಿರ್ತಾಳೆ."

ಹೊರಗೆ ಮಳೆ ಹನಿಯುತ್ತಿತ್ತು. ಬಾಗಿಲಿನಲ್ಲಿ ಕುಲುಮೆಯ ಆ ಹಿರಿಯ ಕೆಲಸಗಾರ ಎದುರಾದ. ಬೆಳಗಿನ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವನು ಟೋಪಿ ಮುಟ್ಟಿ, "ಸೋಮವಾರ ಎಷ್ಟು ಹೊತ್ತಿಗೆ ಹಚ್ಚುವುದು ಡಾಕ್ಟರ್?" ಎಂದ. ಭಾವ ಹೇಳಿದರು.

ಬಂಟ್ವಾಳ

ನಾನು ನವೆಂಬರಿನಲ್ಲಿ ಊರಿಗೆ ಮರಳಿದೆ. ಅಮ್ಮ ಸೊಳೆಯ ಬಗ್ಗೆ ಕೇಳಿದರು. ಅರ್ಧ ತಲುಪಿತು ಎಂದೆ. ಕೋಟಿನ ಬಗ್ಗೆ ಅವರು ಕೇಳಲಿಲ್ಲ.

1965ರ ಜೂನ್‌ನಲ್ಲಿ ಸಂಜೀವ ಭಾವ ಹೊಸ ತುಂಡುಗಳನ್ನು ಸಮಿತಿಯ ಮುಂದಿಟ್ಟರು. ಅವುಗಳ ಮೇಲೆ ಪೊರೆಯಿರಲಿಲ್ಲ. ಪ್ರತಿ ತುಂಡಿನ ಮೊದಲ ನೀರನ್ನೂ ತೂಗಿದ್ದರು. ಅಂಕೆಗಳು ಹಿಂದಿನವುಗಳಷ್ಟು ಚೆಂದವಿರಲಿಲ್ಲ. ಸಮಿತಿ ಹಾಕಿದ್ದ ಮಿತಿಯೊಳಗೆ ಇದ್ದವು. ಅವರ ಕರಾರನ್ನು ಮುಂದುವರಿಸಲಾಯಿತು.

ವಿಕಿರಣದ ಉಪ್ಪು ಸೇರಿಸಿ ಎರೆದ ಮೊದಲ ತುಂಡುಗಳನ್ನು 1966ರ ಅಕ್ಟೋಬರಿನಲ್ಲಿ, ನೆಲದೊಳಗೆ ನೀರು ಹರಿಯುವ ಮರಳಿನ ಜಾಗದಲ್ಲಿ ಹೂತರು. ಸ್ವಲ್ಪ ದೂರದಲ್ಲಿ ನೀರು ತೆಗೆದು ನೋಡಲು ಕೊಳವೆಗಳನ್ನು ಇಳಿಸಿದ್ದಾರೆ.

ಭಾವ ಬರೆದಂತೆ, ಕಳೆದ ತಿಂಗಳು ತೆಗೆದ ನೀರಿನಲ್ಲಿ ಗಾಜು ಬಿಟ್ಟ ಉಪ್ಪು ಏನೂ ಸಿಕ್ಕಿಲ್ಲ. ತುಂಡುಗಳು ನೆಲದಲ್ಲಿಯೇ ಇವೆ.